ಮೇಫ್ಲೈ ಹೆಸರುಗಳು ಮತ್ತೆ ಬದಲಾಗಿವೆ, ಹಳೆಯ ಲೇಬಲ್‌ಗಳನ್ನು ಏನು ಮಾಡೋದು?

ಹಳ್ಳದ ಕಲ್ಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ಹರಿಯುವ ನೀರಿನಲ್ಲಿ ಕಲ್ಲು ಎತ್ತಿ, ಅದರ ಅಡಿಗೆ ಅಂಟಿಕೊಂಡಿರುವ ಮೇಫ್ಲೈ ಅನ್ನೋ ಕೀಟದ ಮರಿಗಳನ್ನು ಹಿಡಿದು, ಆಲ್ಕೋಹಾಲ್ ತುಂಬಿದ ಪುಟ್ಟ ಸೀಸೆಗೆ ಹಾಕಿ ಹೆಸರು ಬರೆದಿಡುವ ಹುಚ್ಚು ನನಗೆ 15 ವರ್ಷದಿಂದ ಇದೆ. ಹೊಟ್ಟೆಪಾಡಿನ ಕೆಲಸ ಬೇರೆ, ಇದು ಬಿಡುವಿನದು. ಕಳೆದ ತಿಂಗಳು ಎಲ್ಲಾ ಸೀಸೆಗಳನ್ನೂ ಮೇಜಿನ ಮೇಲೆ ಹರಡಿ, ಒಂದು ಸರಿಯಾದ ಪಟ್ಟಿ ಮಾಡೋಣ ಅಂತ ಕೂತೆ. ನೋಡಿದರೆ ಅರ್ಧಕ್ಕರ್ಧ ಹೆಸರುಗಳು ಈಗ ಬಳಕೆಯಲ್ಲೇ ಇಲ್ಲ.

ಒಂದು ಸೀಸೆಯ ಕಥೆ ಹೇಳುತ್ತೇನೆ. ಅದರಲ್ಲಿ ನಾಲ್ಕು ಮರಿಗಳಿವೆ, ಅಕ್ಕಿಕಾಳಿನಷ್ಟು ಉದ್ದ. ಮೊದಲು ನನ್ನ ಹತ್ತಿರ ಇದ್ದ ಹಳೆಯ ಕೈಪಿಡಿ ನೋಡಿ ಪೆನ್ಸಿಲಿನಲ್ಲಿ "ಬೇಟಿಸ್" ಅಂತ ಬರೆದಿದ್ದೆ. ಆಮೇಲೆ ಇನ್ನೊಂದು ಕೈಪಿಡಿ ಸಿಕ್ಕಿತು, ಅದರ ಪ್ರಕಾರ "ಸ್ಯೂಡೊಕ್ಲೋಯಿಯಾನ್". ಹಳೆಯದನ್ನು ಉಜ್ಜಿ ಹೊಸದು ಬರೆದೆ. ಈಗ ನೋಡಿದರೆ ಅದು "ಲೇಬಿಯೋಬೇಟಿಸ್" ಅಂತೆ. ಹುಳ ಅದೇ, ಸೀಸೆ ಅದೇ, ಮೂರನೇ ಸಲ ನಾಮಕರಣ.

ಇನ್ನೊಂದು ವಿಷಯ ನನಗೆ ಇನ್ನೂ ಜಾಸ್ತಿ ನೋವು ಕೊಟ್ಟಿದೆ. ಎಂಟು ವರ್ಷದ ಹಿಂದೆ ಮೂವತ್ತು ಸೀಸೆಗಳನ್ನು ಗುರುತಿಸಿಕೊಡಿ ಅಂತ ಒಂದು ಪ್ರಯೋಗಾಲಯಕ್ಕೆ ಕೊಟ್ಟಿದ್ದೆ. ಹೆಸರುಗಳ ಪಟ್ಟಿ ಬಂತು, ಸೀಸೆಗಳು ಬರಲಿಲ್ಲ. ಕೇಳಿದರೆ ಜಾಗ ಇರಲಿಲ್ಲ, ಎಸೆದೆವು ಅಂದರು. ಈಗ ಆ ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಹಳೆಯದಾಗಿವೆ, ಹೊಸ ಹೆಸರಿಗೆ ಹೊಂದಿಸೋಣ ಅಂದರೆ ನೋಡೋಕೆ ಹುಳವೇ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಯಾಕೆ ಹೀಗೆ ಪದೇ ಪದೇ ಬದಲಾಗುತ್ತದೆ? ನಾನು ಉಜ್ಜಿ ಬರೆದದ್ದು ಸರಿಯಾ? ಮುಂದೆ ಹೇಗೆ ಬರೆದಿಡಬೇಕು?

ನೀರ್ಗುಳ್ಳೆ

ಸರ್, ಒಂದು ಮಾತು ಹೇಳಲಾ? ಕುಟುಂಬದ ಮಟ್ಟಕ್ಕೆ, ಅಂದರೆ ಹಲವು ಕುಲಗಳು ಸೇರಿದ ದೊಡ್ಡ ಗುಂಪಿನ ಹೆಸರು ಮಾತ್ರ, ಬರೆದು ಬಿಟ್ಟುಬಿಡಿ. ಬೇಟಿಡೇ, ಕೇನಿಡೇ, ಹೆಪ್ಟಜೀನಿಡೇ, ಅಷ್ಟು ಸಾಕಲ್ವಾ? ನೀರು ಶುದ್ಧವಾಗಿದೆಯಾ ಇಲ್ವಾ ತಿಳಿಯೋಕೆ ಅದೇ ಬೇಕಾದಷ್ಟು. ಪ್ರಭೇದದ ಹೆಸರಿನ ಹಿಂದೆ ಓಡಿದರೆ ಸುಮ್ನೆ ತಲೆನೋವು.

ಉದ್ದಬಾಲ

ನೀರ್ಗುಳ್ಳೆ ಅವರೇ, ಕುಟುಂಬಗಳೂ ನಿಂತ ನೀರಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಹಳ್ಳದ ಕಲ್ಲು ಸರ್, ನಿಮ್ಮ ಆ ಒಂದು ಸೀಸೆಯಲ್ಲೇ ಇಡೀ ಕಥೆ ಇದೆ, ಅದನ್ನೇ ಹಿಡಿದು ಹೇಳುತ್ತೇನೆ. ಸ್ಯೂಡೊಕ್ಲೋಯಿಯಾನ್ ಅನ್ನೋ ಕುಲವನ್ನು, ಅಂದರೆ ಹತ್ತಿರದ ಪ್ರಭೇದಗಳ ಗುಂಪನ್ನು, ಕೀಟತಜ್ಞ ಕ್ಲಾಪಾಲೆಕ್ 1905ರಲ್ಲಿ ಜಾವಾದಿಂದ ಬಂದ ಹುಳದ ಮೇಲೆ ಕಟ್ಟಿದರು. ನಂತರದವರು ಅದನ್ನು ಗುರುತಿಸಿದ್ದು ಮುಖ್ಯವಾಗಿ ರೆಕ್ಕೆ ನೋಡಿ. ಹಿಂದಿನ ಜೋಡಿ ರೆಕ್ಕೆ ಇರಬಾರದು, ಮುಂದಿನ ರೆಕ್ಕೆಯ ಅಂಚಿನಲ್ಲಿ ಸಣ್ಣ ನರಗಳು ಎರಡೆರಡಾಗಿ ಇರಬೇಕು. ನರಗಳು ಒಂದೊಂದೇ ಇದ್ದರೆ ಅದು ಕ್ಲೋಯಿಯಾನ್. ಕೇಳೋಕೆ ಅಚ್ಚುಕಟ್ಟು. ಆದರೆ ಮೇಫ್ಲೈಗಳಲ್ಲಿ ಹಿಂರೆಕ್ಕೆ ಕಳೆದುಹೋಗಿರುವುದು ಒಂದೇ ಸಲ ಅಲ್ಲ, ಬೇರೆ ಬೇರೆ ಕವಲುಗಳಲ್ಲಿ ಪ್ರತ್ಯೇಕವಾಗಿ ಮತ್ತೆ ಮತ್ತೆ ಆಗಿದೆ. ಹಾಗಾಗಿ ಹಿಂರೆಕ್ಕೆ ಇಲ್ಲದವರನ್ನೆಲ್ಲ ಒಂದು ಮನೆಗೆ ತುಂಬಿದರೆ, ಸಂಬಂಧವೇ ಇಲ್ಲದವರು ಒಂದೇ ಸೂರಿನಡಿ ಬಂದಂತೆ ಆಯಿತು. ಉತ್ತರ ಅಮೆರಿಕದಲ್ಲಿ ಸ್ಯೂಡೊಕ್ಲೋಯಿಯಾನ್ ಅಂತ ಕರೆಯುತ್ತಿದ್ದ ಹಲವು ಪ್ರಭೇದಗಳನ್ನು 1998ರಲ್ಲಿ ಪ್ಲಾಡಿಟಸ್ ಅನ್ನೋ ಹೊಸ ಕುಲಕ್ಕೆ ಕಳಿಸಬೇಕಾಯಿತು.

ಲೇಬಿಯೋಬೇಟಿಸ್ ಹುಟ್ಟಿದ್ದು 1987ರಲ್ಲಿ, ನೊವಿಕೋವಾ ಮತ್ತು ಕ್ಲೂಗೆ ಕಟ್ಟಿದ್ದು. ಇದಕ್ಕೆ ಆಧಾರ ಮರಿಯ ಬಾಯಿ. ನಿಮ್ಮ ಸೀಸೆಯ ಒಂದು ಮರಿಯನ್ನು ತಟ್ಟೆಗೆ ಹಾಕಿ ಮಲಗಿಸಿ, ಕೆಳತುಟಿಯ ಪಕ್ಕದ ಪುಟ್ಟ ಕಡ್ಡಿಯಂಥ ಅಂಗ ನೋಡಿ. ಅದರ ಎರಡನೇ ಗಿಣ್ಣು ಒಳಬದಿಗೆ ಹೆಬ್ಬೆರಳಿನ ಹಾಗೆ ಚಾಚಿಕೊಂಡಿರುತ್ತದೆ. ಅದರ ಮೇಲಿನ ಜೋಡಿಯಲ್ಲಿ, ಅಂದರೆ ಮ್ಯಾಕ್ಸಿಲಾ ಅನ್ನೋ ದವಡೆಯ ಕಡ್ಡಿಯಲ್ಲಿ, ತುದಿಯ ಹತ್ತಿರ ಉಗುರಿನಿಂದ ಕೆರೆದು ತೆಗೆದ ಹಾಗೆ ಒಂದು ಸಣ್ಣ ತಗ್ಗು. ಅದು ಕಂಡರೆ ಬಹುತೇಕ ಖಚಿತ. 1999ರಲ್ಲಿ ಕೆಲವರು, ಇದೂ ಕ್ಲಾಪಾಲೆಕ್ ಅವರ ಹುಳವೂ ಒಂದೇ ಕುಲ, ಹಳೆಯ ಹೆಸರೇ ನಿಲ್ಲಬೇಕು ಅಂತ ವಾದಿಸಿ ಲೇಬಿಯೋಬೇಟಿಸ್ ಅನ್ನು ಸ್ಯೂಡೊಕ್ಲೋಯಿಯಾನ್‌ನಲ್ಲಿ ಕರಗಿಸಿದರು. ನಿಮ್ಮ ಎರಡನೇ ಕೈಪಿಡಿ ಆ ಕಾಲದ್ದು. ಸ್ವಲ್ಪ ಕಾಲದಲ್ಲೇ ಅದಕ್ಕೆ ಆಕ್ಷೇಪ ಬಂತು, ಲೇಬಿಯೋಬೇಟಿಸ್ ಮತ್ತೆ ಎದ್ದು ನಿಂತಿತು. ಈಗ ಅದು ಇಡೀ ಮೇಫ್ಲೈ ಗಣದಲ್ಲೇ ತುಂಬಾ ದೊಡ್ಡ ಕುಲಗಳಲ್ಲಿ ಒಂದು. ನ್ಯೂಗಿನಿ ಒಂದರಿಂದಲೇ ಕಾಲ್ಟೆನ್‌ಬಾಕ್ ಮತ್ತು ಗಟ್ಟೋಲಿಯಾ 2018ರಲ್ಲಿ ಎರಡು ಡಜನ್‌ಗಿಂತ ಹೆಚ್ಚು ಹೊಸ ಪ್ರಭೇದಗಳನ್ನು ವಿವರಿಸಿದರು.

ಅಂದರೆ ಮೂರು ಹೆಸರೂ ಸುಮ್ನೆ ಬಂದದ್ದಲ್ಲ. ಒಂದೊಂದೂ ಒಂದೊಂದು ವಾದ. ನೀವು ಹಳೆಯದನ್ನು ಉಜ್ಜಿದ್ದು ಮಾತ್ರ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ಯಾವ ಕೈಪಿಡಿ ನೋಡಿ, ಯಾವ ವರ್ಷ, ಏನೆಂದು ಗುರುತಿಸಿದಿರಿ ಅನ್ನೋದು ಒಂದು ದಾಖಲೆ. ಮ್ಯೂಸಿಯಂಗಳಲ್ಲಿ ಹಳೆಯ ಚೀಟಿಯನ್ನು ತೆಗೆಯೋದೇ ಇಲ್ಲ, ಅದರ ಪಕ್ಕದಲ್ಲಿ ಹೊಸ ಚೀಟಿ ಸೇರಿಸುತ್ತಾರೆ. ನೂರು ವರ್ಷದ ಸೀಸೆಯಲ್ಲಿ ನಾಲ್ಕು ಕೈಬರಹದ ಚೀಟಿಗಳು ತೇಲುತ್ತಿರುವುದನ್ನು ನೋಡಿದಾಗ ನನಗೆ ಆಗುವ ಖುಷಿ ಬೇರೆಯೇ.

ಸಂಜೆಹುಳ

ನಾನು ದಡದಲ್ಲಿ ಕೂತು ಗಾಳದಲ್ಲಿ ಮೀನು ಹಿಡಿಯುವವನು. ನೊಣದ ಆಕಾರದ ಗಾಳ ಕಟ್ಟುತ್ತೇನೆ, ಹಾಗಾಗಿ ಮೇಫ್ಲೈ ಪುಸ್ತಕಗಳೆಲ್ಲ ಓದಿದ್ದೇನೆ. ನನ್ನ ಸಂಕಟ ಬೇರೆ. ಅಮೆರಿಕದ ಗಾಳಗಾರರ ಬರಹಗಳಲ್ಲೆಲ್ಲ ಎಫೆಮೆರೆಲ್ಲಾ ಇನರ್ಮಿಸ್ ಮತ್ತು ಎಫೆಮೆರೆಲ್ಲಾ ಇನ್‌ಫ್ರೀಕ್ವೆನ್ಸ್ ಅಂತ ಎರಡು ಹೆಸರು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬೆಳಗಿನ ಹೊತ್ತು ನೀರಿನಿಂದ ಏಳುವ ತೆಳು ಹಳದಿ ಹುಳಗಳು. ಎರಡಕ್ಕೂ ಬೇರೆ ಗಾಳ, ಬೇರೆ ಅಳತೆ. ಈಗ ಎರಡೂ ಹೆಸರು ಇಲ್ಲ ಅಂತಾರೆ. ಜನರ ಬಾಯಲ್ಲಿ ಅಷ್ಟು ಗಟ್ಟಿಯಾಗಿ ನಿಂತ ಹೆಸರನ್ನು ತೆಗೆದುಹಾಕೋ ಹಕ್ಕು ಯಾರಿಗಿದೆ?

ಉದ್ದಬಾಲ

ಸಂಜೆಹುಳ ಅವರೇ, ಎರಡರ ಗತಿಯೂ ಒಂದೇ ಅಲ್ಲ, ಬಿಡಿಸಿ ನೋಡಬೇಕು. 2003ರಲ್ಲಿ ಜೇಕಬಸ್ ಮತ್ತು ಮ್ಯಾಕ್‌ಕ್ಯಾಫರ್ಟಿ ಆ ಕುಲವನ್ನು ಪರಿಷ್ಕರಿಸಿದಾಗ ಇನರ್ಮಿಸ್ ಅನ್ನೋದು ಎಕ್ಸ್‌ಕ್ರೂಶಿಯನ್ಸ್‌ನದ್ದೇ ಇನ್ನೊಂದು ಹೆಸರು ಅಂತ ತೀರ್ಮಾನಿಸಿದರು. ಎಕ್ಸ್‌ಕ್ರೂಶಿಯನ್ಸ್ ಅಂತ ವಾಲ್ಶ್ ಹೆಸರಿಟ್ಟದ್ದು 1862ರಲ್ಲಿ. ಇನರ್ಮಿಸ್ ಅಂತ ಈಟನ್ ಹೆಸರಿಟ್ಟದ್ದು 1884ರಲ್ಲಿ. ಎರಡೂ ಒಂದೇ ಹುಳ ಅಂದಮೇಲೆ ಮೊದಲು ಬಂದ ಹೆಸರು ಉಳಿಯಬೇಕು. ಹಕ್ಕು ಯಾವ ವ್ಯಕ್ತಿಯದ್ದೂ ಅಲ್ಲ, ಅದು ನಿಯಮ. ಇನ್‌ಫ್ರೀಕ್ವೆನ್ಸ್ ಪೂರ್ತಿ ಹೋಗಿಲ್ಲ. ಅದನ್ನು ಎಫೆಮೆರೆಲ್ಲಾ ಡೊರೊಥಿಯಾದ ಉಪಪ್ರಭೇದ ಅಂತ ಇಳಿಸಿದರು, ಹೆಸರಿನ ಮೂರನೇ ಪದವಾಗಿ ಇನ್ನೂ ಇದೆ.

ತುಂಬಾ ಬಳಕೆಯಲ್ಲಿರುವ ಹೆಸರನ್ನು ಕಾಪಾಡಲು ನಿಯಮದಲ್ಲೇ ಒಂದು ದಾರಿಯೂ ಇದೆ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಹಳೆಯ ಹೆಸರನ್ನು 1899ರ ನಂತರ ಯಾರೂ ಸರಿಯಾದ ಹೆಸರು ಅಂತ ಬಳಸಿರಬಾರದು. ಜೊತೆಗೆ ಹೊಸ ಹೆಸರನ್ನು ಹಿಂದಿನ 50 ವರ್ಷದಲ್ಲಿ ಕನಿಷ್ಠ 10 ಲೇಖಕರು, ಕನಿಷ್ಠ 25 ಬರಹಗಳಲ್ಲಿ, 10 ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯಲ್ಲಿ ಬಳಸಿರಬೇಕು. ಎರಡೂ ಆದರೆ ಹೊಸದೇ ಉಳಿಯುತ್ತದೆ. ಎಕ್ಸ್‌ಕ್ರೂಶಿಯನ್ಸ್ ಮಾತ್ರ ಮರೆತುಹೋದ ಹೆಸರಾಗಿರಲಿಲ್ಲ.

ಇನ್ನೊಂದು ರೀತಿಯ ಬದಲಾವಣೆಯೂ ಇದೆ, ಹುಳಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಡ್ಮಂಡ್ಸ್ 1959ರಲ್ಲಿ ಅಟೆನುಯಾಟೆಲ್ಲಾ ಅಂತ ಹೆಸರಿಟ್ಟರು. ಆ ಹೆಸರನ್ನು 1954ರಲ್ಲೇ ಬ್ರ್ಯಾಕಿಯೊಪಾಡ್ ಅನ್ನೋ ಚಿಪ್ಪಿನ ಪ್ರಾಣಿಯ ಒಂದು ಪಳೆಯುಳಿಕೆಗೆ ಕೊಟ್ಟಾಗಿತ್ತು. ಪ್ರಾಣಿ ಲೋಕದಲ್ಲಿ ಎರಡು ಕುಲಕ್ಕೆ ಒಂದೇ ಹೆಸರು ಇರುವಂತಿಲ್ಲ. ಹಾಗಾಗಿ 1971ರಲ್ಲಿ ಅವರೇ ಅದನ್ನು ಅಟೆನೆಲ್ಲಾ ಅಂತ ಬದಲಾಯಿಸಿದರು. ಇಂಥದ್ದಕ್ಕೆ ಯಾರೂ ಬೇಜಾರಾಗಬೇಕಿಲ್ಲ.

ಕಿವಿರು ಎಣಿಸುವವಳು

ನನ್ನ ಕೆಲಸವೇ ನೀರಿನ ಗುಣಮಟ್ಟ ನೋಡೋದು, ಕುಟುಂಬ ಸಾಕು ಅಂದ ನೀರ್ಗುಳ್ಳೆ ಅವರ ಮಾತನ್ನು ಪೂರ್ತಿ ತಳ್ಳಿಹಾಕೋದಿಲ್ಲ. ಬ್ರಿಟನ್ನಿನ ಬಿಎಂಡಬ್ಲ್ಯುಪಿ ಅಂಕ ಪದ್ಧತಿ ಕುಟುಂಬದ ಮೇಲೇ ನಿಂತಿದೆ. ಹೆಪ್ಟಜೀನಿಡೇಗೆ 10 ಅಂಕ, ಕೇನಿಡೇಗೆ 7, ಬೇಟಿಡೇಗೆ 4. ಕೊಳೆ ತಡೆಯೋ ಶಕ್ತಿ ಕಡಿಮೆ ಇದ್ದಷ್ಟು ಅಂಕ ಜಾಸ್ತಿ.

ಆದರೆ ಬೇಟಿಡೇಗೆ 4 ಅಂತ ಕೊಟ್ಟುಬಿಟ್ಟರೆ ಆಯಿತಾ? ಆ ಕುಟುಂಬದಲ್ಲಿ ನಿಂತ ಕೊಳದಲ್ಲಿ ಬದುಕುವ ಕ್ಲೋಯಿಯಾನ್ ಕೂಡ ಇದೆ, ರಭಸದ ತಣ್ಣೀರಿನ ಕಲ್ಲು ಬಿಟ್ಟು ಅಲ್ಲಾಡದವೂ ಇವೆ. ಎಲ್ಲಕ್ಕೂ ಒಂದೇ ಅಂಕ. ಮೇಲಾಗಿ ಅಮೆಲೆಟಸ್ ಕುಲ ಮೊದಲು ಸಿಫ್ಲೊನುರಿಡೇ ಕುಟುಂಬದಲ್ಲಿತ್ತು, ಈಗ ಅಮೆಲೆಟಿಡೇ ಅಂತ ಅದಕ್ಕೇ ಬೇರೆ ಕುಟುಂಬ ಇದೆ. ಹಳೆಯ ಅಂಕಪಟ್ಟಿ ಹಿಡಿದು, ಹೊಸ ಹೆಸರಿನಲ್ಲಿ ಹುಳ ಗುರುತಿಸಿದರೆ ಲೆಕ್ಕ ತಪ್ಪುತ್ತದೆ. ಇಪ್ಪತ್ತು ವರ್ಷದ ಹಿಂದಿನ ವರದಿಯನ್ನೂ ಇಂದಿನದ್ದನ್ನೂ ಪಕ್ಕಪಕ್ಕ ಇಟ್ಟಾಗ ಹುಳ ಕಣ್ಮರೆಯಾಯಿತಾ, ಹೆಸರು ಬದಲಾಯಿತಾ ಅಂತ ಗೊತ್ತಾಗದೆ ದಿನಗಟ್ಟಲೆ ಕೂತಿದ್ದೇನೆ. ಸೀಸೆ ಇಟ್ಟಿದ್ದ ಕಡೆ ಹತ್ತು ನಿಮಿಷದಲ್ಲಿ ಬಗೆಹರಿಯಿತು. ಇಲ್ಲದ ಕಡೆ ಇಂದಿಗೂ ಬಗೆಹರಿದಿಲ್ಲ. ಹಳ್ಳದ ಕಲ್ಲು ಸರ್ ಹೇಳಿದ ಆ ಮೂವತ್ತು ಸೀಸೆ ಓದಿದಾಗ ಹೊಟ್ಟೆ ಉರಿಯಿತು.

ನೀರ್ಗುಳ್ಳೆ

ಕುಟುಂಬವೂ ಹೀಗೆ ಜಾಗ ಬದಲಾಯಿಸುತ್ತದೆ ಅಂತ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಒಂದು ಅನುಮಾನ. ಹುಳ ಕಣ್ಣೆದುರೇ ಇರುವಾಗ ಇದು ಯಾವುದು ಅಂತ ಹೇಳೋದು ಇಷ್ಟು ಕಷ್ಟ ಯಾಕೆ?

ಉದ್ದಬಾಲ

ಯಾಕೆಂದರೆ ಒಂದೇ ಹುಳಕ್ಕೆ ಎರಡು ಬಾಳು. ನೀರಿನೊಳಗೆ ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ, ಮರಿಯಾಗಿ. ಆಮೇಲೆ ಕೆಲವೇ ಗಂಟೆ ಅಥವಾ ದಿನ ರೆಕ್ಕೆಯ ಹುಳವಾಗಿ. ಎರಡಕ್ಕೂ ಹೋಲಿಕೆಯೇ ಇರುವುದಿಲ್ಲ. ಹಳಬರು ದೀಪಕ್ಕೆ ಬಂದ ರೆಕ್ಕೆಯ ಹುಳಗಳನ್ನು ಹಿಡಿದು ಸೂಜಿಗೆ ಚುಚ್ಚಿ ಹೆಸರಿಟ್ಟರು. ಗಂಡಿನ ಹಿಂತುದಿಯ ಅಂಗ ನೋಡಿ ಪ್ರಭೇದ ಬಿಡಿಸಿದರು. ಇನ್ನೊಬ್ಬರು ನೀರಿನಿಂದ ಮರಿ ಹಿಡಿದು ಬಾಯಿ, ಕಿವಿರು, ಉಗುರು ನೋಡಿ ಹೆಸರಿಟ್ಟರು. ಇಬ್ಬರೂ ಒಂದೇ ಹುಳಕ್ಕೆ ಹೆಸರಿಟ್ಟಿದ್ದಾರಾ ಅಂತ ತಿಳಿಯಬೇಕಾದರೆ ಮರಿ ಸಾಕಿ ನೋಡಬೇಕು.

ಪ್ರೊಸೊಪಿಸ್ಟೋಮಾ ಅಂತ ಒಂದಿದೆ. ಅದರ ಮರಿಯ ಬೆನ್ನಿನ ಮೇಲೆ ಗುರಾಣಿಯಂಥ ಗಟ್ಟಿ ಚಿಪ್ಪು, ಕಿವಿರೆಲ್ಲ ಅದರೊಳಗೆ. ಅದನ್ನು ಏಡಿ ಸೀಗಡಿಗಳ ಬಳಗದ ಪ್ರಾಣಿ ಅಂತಲೇ ಬಹುಕಾಲ ನಂಬಿದ್ದರು. 1785ರಲ್ಲಿ ಮ್ಯುಲ್ಲರ್ ಹೆಸರಿಟ್ಟ ಪ್ರಾಣಿ ಮೇಫ್ಲೈ ಮರಿ ಅಂತ ಗೊತ್ತಾಗಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಲಿನೇಯಸ್ 1758ರಲ್ಲಿ ಎಲ್ಲಾ ಮೇಫ್ಲೈಗಳನ್ನೂ ಎಫೆಮೆರಾ ಅನ್ನೋ ಒಂದೇ ಕುಲದಲ್ಲಿಟ್ಟು, ಆ ಕುಲವನ್ನು ನ್ಯೂರಾಪ್ಟೆರಾ ಗಣಕ್ಕೆ ಸೇರಿಸಿದ್ದರು. ಇವತ್ತು ಅದೇ ಒಂದು ಕುಲದ ಜಾಗದಲ್ಲಿ 40ಕ್ಕೂ ಹೆಚ್ಚು ಕುಟುಂಬ, ಮೂರೂವರೆ ಸಾವಿರಕ್ಕೂ ಹೆಚ್ಚು ಪ್ರಭೇದ. ಅವರು ಎಫೆಮೆರಾ ಹೊರಾರಿಯಾ ಅಂದದ್ದು ಈಗ ಕೇನಿಸ್ ಹೊರಾರಿಯಾ. ಹೆಸರಿನ ಮುಂದೆ ಲಿನೇಯಸ್, 1758 ಅನ್ನೋದನ್ನು ಆವರಣದೊಳಗೆ ಹಾಕಿದ್ದರೆ, ಅವರಿಟ್ಟ ಕುಲ ಬೇರೆ, ಈಗಿನ ಕುಲ ಬೇರೆ ಅಂತ ಅರ್ಥ. ಆವರಣ ಇಲ್ಲದಿದ್ದರೆ ಇನ್ನೂ ಅದೇ ಕುಲದಲ್ಲಿದೆ ಅಂತ. ಎಫೆಮೆರಾ ವಲ್ಗಾಟಾಕ್ಕೆ ಇವತ್ತಿಗೂ ಆವರಣ ಇಲ್ಲ. ಆ ಎರಡು ಸಣ್ಣ ಗೆರೆಯಲ್ಲಿ ಎಷ್ಟು ಚರಿತ್ರೆ ಇದೆ ನೋಡಿ.

ಸಂಜೆಹುಳ

ಮರಿ ಸಾಕೋದು ಹೇಗೆ ಅಂತ ಯಾರಾದರೂ ಹೇಳಿ. ನಾನೂ ಮಾಡಬಹುದಾ?

ಕಿವಿರು ಎಣಿಸುವವಳು

ಖಂಡಿತ ಮಾಡಬಹುದು. ಬೆನ್ನಿನ ಮೇಲಿನ ರೆಕ್ಕೆಯ ಮೊಗ್ಗು ಕಪ್ಪಾಗಿರುವ ಮರಿಯನ್ನೇ ಆರಿಸಿಕೊಳ್ಳಿ. ಕಪ್ಪಾಗಿದೆ ಅಂದರೆ ಒಂದೆರಡು ದಿನದಲ್ಲಿ ಏಳುತ್ತದೆ ಅಂತ. ಅದನ್ನು ಹಿಡಿದ ಹೊಳೆಯ ನೀರನ್ನೇ ಒಂದು ಲೋಟಕ್ಕೆ ಹಾಕಿ, ಹತ್ತಿ ಹೊರಬರಲು ಒಂದು ಕಡ್ಡಿ ನೆಡಿ, ಮೇಲೆ ಬಲೆಬಟ್ಟೆ ಕಟ್ಟಿ, ನೆರಳಿನಲ್ಲಿ ತಂಪಾಗಿ ಇಡಿ. ಒಂದು ಲೋಟಕ್ಕೆ ಒಂದೇ ಮರಿ, ಇದನ್ನು ಮರೆಯಬೇಡಿ.

ನಾನು ಮೊದಲ ಸಲ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಲೆಗೆ ಒಂದು ಮಂಕು ಬೂದು ಬಣ್ಣದ ಹುಳ ಅಂಟಿಕೊಂಡಿತ್ತು, ರೆಕ್ಕೆಯ ಅಂಚಿನಲ್ಲಿ ಸಣ್ಣ ರೋಮ. ಇಷ್ಟೇ ಅಂದುಕೊಂಡೆ. ಮಾರನೇ ದಿನ ಬೆನ್ನು ಸೀಳಿತು. ಅದೇ ಹುಳ ತನ್ನ ರೆಕ್ಕೆಯ ಮೇಲಿನ ಪೊರೆಯನ್ನೂ ಬಿಡಿಸಿಕೊಂಡು ಮತ್ತೊಂದು ಸಲ ಹೊರಗೆ ಬಂತು. ರೆಕ್ಕೆ ಈಗ ಗಾಜಿನ ಹಾಗೆ, ಬಾಲ ಇನ್ನೂ ಉದ್ದ, ಕಾಲು ಇನ್ನೂ ತೆಳು. ರೆಕ್ಕೆ ಬಂದ ಮೇಲೆ ಪೊರೆ ಬಿಡುವ ಕೀಟ ಇವತ್ತಿನ ಜಗತ್ತಿನಲ್ಲಿ ಇದೊಂದೇ. ಗಂಡಾಗಿದ್ದರೆ, ಬೇಟಿಡೇ ಕುಟುಂಬದಲ್ಲಿ, ತಲೆಯ ಮೇಲೆ ಅಣಬೆ ಟೋಪಿಯಂಥ ಇನ್ನೊಂದು ಜೋಡಿ ಕಣ್ಣೂ ಇರುತ್ತದೆ.

ಈಗ ಮುಖ್ಯ ಮಾತು. ಮರಿ ಬಿಟ್ಟುಹೋದ ಪೊರೆ ನೀರಿನ ಮೇಲೆ ತೇಲುತ್ತಿರುತ್ತದೆ. ಅದರಲ್ಲಿ ಬಾಯಿ, ಉಗುರು, ಕಿವಿರಿನ ಆಕಾರ ಎಲ್ಲ ಹಾಗೇ ಇರುತ್ತದೆ. ಆ ಪೊರೆಯನ್ನೂ ರೆಕ್ಕೆಯ ಹುಳವನ್ನೂ ಒಂದೇ ಸೀಸೆಗೆ ಹಾಕಿ. ಹಾಗೆ ಜೋಡಿಯಾಗಿ ಉಳಿಸಿದ ಒಂದು ಸೀಸೆ, ಸುಮ್ನೆ ಹಿಡಿದು ಹಾಕಿದ ನೂರು ಸೀಸೆಗಿಂತ ಮೇಲು.

ಎಳೆಬಿಡಿಸು

ಇಷ್ಟು ಹೊತ್ತು ಓದುತ್ತಿದ್ದೆ, ಡಿಎನ್‌ಎ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಪಿಕ್ಟೆ 1843ರಲ್ಲಿ ಹೆಸರಿಟ್ಟ ಬೇಟಿಸ್ ರೊಡಾನಿ ಯುರೋಪಿನ ಹೊಳೆಗಳಲ್ಲಿ ಎಲ್ಲಿ ಕಲ್ಲೆತ್ತಿದರೂ ಸಿಗುವ ಹುಳ. ರೋನ್ ನದಿಯ ಹೆಸರೇ ಅದಕ್ಕಿದೆ. 2006ರಲ್ಲಿ ಅದರ ಮೈಟೊಕಾಂಡ್ರಿಯಾದ ಡಿಎನ್‌ಎ ಓದಿದಾಗ ಒಂದಲ್ಲ, ಒಂದಕ್ಕೊಂದು ತುಂಬಾ ದೂರವಿರುವ ಹಲವು ಗುಂಪುಗಳು ಸಿಕ್ಕವು. ಕಣ್ಣಿಗೆ ಒಂದೇ ತರ.

ಹಾಗಾದರೆ ರೊಡಾನಿ ಅನ್ನೋ ಹೆಸರು ಯಾವ ಗುಂಪಿಗೆ ಸಲ್ಲಬೇಕು? ಇದನ್ನು ಡಿಎನ್‌ಎ ಒಂದೇ ಹೇಳಲಾರದು. ಪಿಕ್ಟೆ ಯಾವ ಹುಳ ನೋಡಿ ಬರೆದರೋ ಅದು ಯಾವ ಗುಂಪಿನದು ಅಂತ ತಿಳಿಯಬೇಕು. ಮೂಲ ಮಾದರಿ ಬೇಕು, ಇಲ್ಲದಿದ್ದರೆ ಅದೇ ಜಾಗದಿಂದ ಹೊಸದಾಗಿ ಹಿಡಿದ ಮಾದರಿ ಬೇಕು. ಮತ್ತೆ ಸೀಸೆಗೇ ಬಂದು ನಿಂತೆವು ಅಲ್ವಾ!

ಡಿಎನ್‌ಎ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಬಾರ್‌ಕೋಡ್ ಅಂತ ಬಳಸುವ ತುಣುಕು 658 ಅಕ್ಷರದ್ದು, ತಾಯಿಯ ಕಡೆಯಿಂದ ಮಾತ್ರ ಬರುವಂಥದ್ದು. ಅದೊಂದನ್ನೇ ನೋಡಿ ಹೊಸ ಪ್ರಭೇದ ಅಂತ ಸಾರಿಬಿಡೋದು ನನಗಂತೂ ಒಪ್ಪಿಗೆ ಇಲ್ಲ. ಬಣ್ಣ ನೋಡಿ ಸಾರೋದೂ ಅಷ್ಟೇ ತಪ್ಪು. ತಣ್ಣೀರಿನಲ್ಲಿ ಬೆಳೆದವು ಕಪ್ಪಗೆ, ಬಿಸಿ ನೀರಿನಲ್ಲಿ ಬೆಳೆದವು ತಿಳಿ ಬಣ್ಣಕ್ಕೆ ಆಗುವುದರಿಂದ ಒಂದೇ ಹುಳಕ್ಕೆ ಎರಡೆರಡು ಹೆಸರು ಬಿದ್ದಿದ್ದಿದೆ. ಬಾಯಿ, ಗಂಡಿನ ಅಂಗ, ಮೊಟ್ಟೆಯ ಮೇಲ್ಮೈ, ಡಿಎನ್‌ಎ ಎಲ್ಲ ಒಂದೇ ಮಾತು ಹೇಳಿದಾಗ ಹೆಸರಿಡಬೇಕು.

ಹಳ್ಳದ ಕಲ್ಲು

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಉದ್ದಬಾಲ ಅವರು ಹೇಳಿದ ಹಾಗೆ ನಿನ್ನೆ ರಾತ್ರಿ ಆ ಸೀಸೆಯ ಒಂದು ಮರಿಯನ್ನು ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಎರಡು ಸೂಜಿ ಹಿಡಿದು ಬಾಯಿ ಬಿಡಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು. ಹೆಬ್ಬೆರಳು ಕಂಡಿತು. ಮ್ಯಾಕ್ಸಿಲಾದ ಆ ತಗ್ಗೂ ಕಂಡಿತು, ಬೆಳಕನ್ನು ಒಂದು ಪಕ್ಕಕ್ಕೆ ತಿರುಗಿಸಿದ ಮೇಲೆ. 15 ವರ್ಷ ಅಲ್ಲೇ ಇತ್ತು, ನಾನೇ ನೋಡಿರಲಿಲ್ಲ.

ಉಜ್ಜಿದ ಹೆಸರುಗಳು ಕಾಗದವನ್ನು ಓರೆಯಾಗಿ ಹಿಡಿದರೆ ಇನ್ನೂ ಓದಲು ಬರುತ್ತವೆ. ಅವನ್ನು ಹಾಗೇ ಬಿಟ್ಟು, ಹೊಸ ಚೀಟಿಯಲ್ಲಿ ಲೇಬಿಯೋಬೇಟಿಸ್, ಇವತ್ತಿನ ದಿನಾಂಕ, ನೋಡಿದ ಅಂಗ ಯಾವುದು ಅಂತ ಬರೆದು ಒಳಗೆ ಹಾಕಿದೆ. ಪ್ರಭೇದ ಬರೆದಿಲ್ಲ, ನನ್ನ ಹತ್ತಿರ ಅಷ್ಟು ಆಧಾರ ಇಲ್ಲ.

ಒಂದೇ ಪ್ರಶ್ನೆ ಉಳಿದಿದೆ. ನನ್ನ ಆಲ್ಕೋಹಾಲ್ 70% ಇದೆ. ಡಿಎನ್‌ಎಗೆ ಇದು ಸಾಕಾಗುತ್ತಾ?

ಎಳೆಬಿಡಿಸು

ಹಳೆಯವಕ್ಕೆ ಈಗ ಜಾಸ್ತಿ ಮಾಡೋಕೆ ಆಗಲ್ಲ, ಅವು ಅಂಗ ನೋಡೋಕೆ ಚೆನ್ನಾಗಿಯೇ ಇರುತ್ತವೆ. ಹೊಸದಾಗಿ ಹಿಡಿದವನ್ನು ನೇರ 95% ಗೆ ಹಾಕಿ, ಮೈಯಿಂದ ನೀರು ಇಳಿದು ತೆಳುವಾಗುತ್ತದೆ, ಅದಕ್ಕೆ ಮಾರನೇ ದಿನ ಒಮ್ಮೆ ಬದಲಾಯಿಸಿ. ಕತ್ತಲಲ್ಲಿ, ತಂಪಲ್ಲಿ ಇಡಿ. ಫಾರ್ಮಲಿನ್ ಮಾತ್ರ ಮುಟ್ಟಿಸಬೇಡಿ. ಇನ್ನೊಂದು, 95% ನಲ್ಲಿ ಕಿವಿರು ಮತ್ತು ಕಾಲು ಗಡುಸಾಗಿ ಬೇಗ ಉದುರುತ್ತವೆ. ಅದಕ್ಕೆ ಒಂದೇ ಜಾಗದ ಹುಳಗಳನ್ನು ಎರಡು ಪಾಲು ಮಾಡಿ, ಒಂದು ಪಾಲು 70% ನಲ್ಲಿ, ಒಂದು ಪಾಲು 95% ನಲ್ಲಿ. ಎರಡಕ್ಕೂ ಒಂದೇ ಸಂಖ್ಯೆ ಹಾಕಿ.

ಹಳ್ಳದ ಕಲ್ಲು

ಸರಿ. ಭಾನುವಾರ ಹೊಳೆಗೆ ಹೋಗುತ್ತಿದ್ದೇನೆ. ಈ ಸಲ ಲೋಟ, ಕಡ್ಡಿ, ಬಲೆಬಟ್ಟೆಯೂ ಜೊತೆಗೆ. ಮೊಗ್ಗು ಕಪ್ಪಾದ ಮರಿ ಸಿಕ್ಕರೆ ಇಲ್ಲೇ ಫೋಟೋ ಹಾಕುತ್ತೇನೆ.